ಬೇಗ ಬಂದ ಮಲ್ಲಿಗೆ

ಆಟಿ ತಿಂಗಳಲ್ಲಿ ತುಳುವರು ಮದುವೆ ಮಾಡುವುದಿಲ್ಲ. ಮಲ್ಲಿಗೆಯನ್ನು ಕೇಳುವವರಿರುವುದಿಲ್ಲ. ಡೊಂಬಿವಲಿಯ ಹರಿಶ್ಚಂದ್ರನಿಗೆ ವರ್ಷದಲ್ಲಿ ರಜೆ ಅಂತ ಇದ್ದದ್ದು ಆ ಒಂದು ತಿಂಗಳು. ಆ ರಜೆಯಲ್ಲೇ ಒಂದು ಬೆಳಿಗ್ಗೆ ಚಹಾ ಕುಡಿದು, ಲೋಟ ಕೆಳಗಿಟ್ಟು, ಗೋಡೆಗೆ ಒರಗಿದವನು ಮತ್ತೆ ಏಳಲಿಲ್ಲ. ಹೆಂಡತಿ ವಿನೋದಾ ಒಳಗಿನಿಂದ ಎರಡು ಸಲ ಕರೆದಳು. ಮೂರನೆಯ ಸಲ ಸಿಟ್ಟಿನಿಂದ ಕರೆದಳು. ಆ ಸಿಟ್ಟು ಈಗಲೂ ಅವಳಿಗೆ ಚುಚ್ಚುತ್ತದೆ.

ಹರಿಶ್ಚಂದ್ರ ಹದಿನಾಲ್ಕನೆಯ ವಯಸ್ಸಿನಲ್ಲಿ ಊರು ಬಿಟ್ಟು ಬಂದವನು. ಊರು ಶಂಕರಪುರದ ಹತ್ತಿರ. ಅಂಗಳದ ತುಂಬ ಮಲ್ಲಿಗೆ ಗಿಡ, ಹೊಟ್ಟೆಗೆ ಮಾತ್ರ ಕಡಿಮೆ. ಡೊಂಬಿವಲಿ ಸ್ಟೇಷನ್ನಿನ ಎದುರಿನ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದ, ಟೇಬಲ್ ಒರೆಸಿದ, ತಿಂಡಿ ಸಪ್ಲೈ ಮಾಡಿದ. ಒಮ್ಮೆ ಧನಿಗಳ ಮಗಳ ಮದುವೆಗೆ ಊರಿನಿಂದ ಮಲ್ಲಿಗೆ ಪೆಟ್ಟಿಗೆ ವಿಮಾನದಲ್ಲಿ ಬಂತು. ತರಲು ಇವನನ್ನು ಕಳಿಸಿದರು. ಪೆಟ್ಟಿಗೆ ಹೊತ್ತು ಲೋಕಲ್ ಹತ್ತಿದಾಗ ಡಬ್ಬದಲ್ಲಿದ್ದ ಊರಿನ ಕಡೆಯ ಹೆಂಗಸರು ಇಬ್ಬರು ಎದ್ದು ಬಂದು, “ನಮಗೊಂದು ಚೆಂಡು ಹೂ ಕೊಡ್ತೀರಾ?” ಎಂದು ಕೇಳಿದರಂತೆ. ಆ ತಿಂಗಳೇ ಅವನು ಹೋಟೆಲು ಬಿಟ್ಟ.

ಆಮೇಲೆ ಮೂವತ್ತೊಂದು ವರ್ಷ ಮಲ್ಲಿಗೆ ತರುವುದೇ ಕೆಲಸ. ಊರಿನಲ್ಲಿ ಅಕ್ಕ ಸುಲೋಚನಾ ಬೆಳಿಗ್ಗೆ ಮೊಗ್ಗು ಕೊಯ್ದು, ಬಾಳೆಯ ನಾರಿನಲ್ಲಿ ಕಟ್ಟಿ ಚೆಂಡು ಮಾಡುತ್ತಿದ್ದಳು. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಮಧ್ಯಾಹ್ನ ಪೆಟ್ಟಿಗೆ ಬಜ್ಪೆಯ ವಿಮಾನ ನಿಲ್ದಾಣಕ್ಕೆ ಹೋಗುತ್ತಿತ್ತು. ಸಂಜೆಯ ವಿಮಾನದಲ್ಲಿ ಮುಂಬಯಿಗೆ ಬರುತ್ತಿತ್ತು. ಹರಿಶ್ಚಂದ್ರ ಹೋಗಿ ಬಿಡಿಸಿಕೊಂಡು ಘಾಟ್ಕೋಪರಿನಿಂದ ಲೋಕಲಿನ ಲಗೇಜ್ ಡಬ್ಬದಲ್ಲಿ ನಿಂತು ಬರುತ್ತಿದ್ದ. ಮೀನಿನ ಬುಟ್ಟಿಯವರು ಒಂದು ಬದಿ, ಇವನು ಇನ್ನೊಂದು ಬದಿ. ಮರುದಿನ ಬೆಳಿಗ್ಗೆ ಠಾಣೆಯಿಂದ ಶಹಾಡ್‌ವರೆಗೆ ಮನೆ ಮನೆಗೆ ಹೂ. ಮದುವೆ ಇದ್ದರೆ ಮದುವೆ ಮಂಟಪದ ಹಾಲಿಗೆ. ಡೊಂಬಿವಲಿ, ಕಲ್ಯಾಣದ ತುಳುವರ ಎಷ್ಟೋ ಮದುವಣಗಿತ್ತಿಯರ ತಲೆಗೆ ಹೂ ಹೋದದ್ದು ಅವನ ಪೆಟ್ಟಿಗೆಯಿಂದ.

ವಿನೋದಾ ಕಾರ್ಕಳದ ಕಡೆಯವಳು. ಐದನೆಯ ಕ್ಲಾಸಿಗೆ ಶಾಲೆ ಬಿಟ್ಟು ಬೀಡಿ ಕಟ್ಟಿದವಳು. ಅವಳ ತವರಿನಲ್ಲಿ ಮಲ್ಲಿಗೆ ಗಿಡ ಇರಲಿಲ್ಲ. ಮದುವೆಯಾಗಿ ಬಂದ ಮೇಲೆ ಪೆಟ್ಟಿಗೆ ಬಿಚ್ಚುವುದು, ಒದ್ದೆ ಬಟ್ಟೆ ಹೊದಿಸುವುದು, ಬಾಳೆಲೆಯಲ್ಲಿ ಮಡಚಿ ಕೊಡುವುದು ಕಲಿತಳು. ಪೆಟ್ಟಿಗೆ ಮನೆಗೆ ಬಂದ ಮೇಲಿನದ್ದೆಲ್ಲ ಅವಳಿಗೆ ಗೊತ್ತಿತ್ತು. ಅದರ ಮೊದಲಿನದ್ದು ಗಂಡನಿಗೆ ಬಿಟ್ಟದ್ದು.

ಅವನು ದಿನಾ ಬೆಳಿಗ್ಗೆ ಆರು ಗಂಟೆಗೆ ಅಕ್ಕನಿಗೆ ಫೋನು ಮಾಡುತ್ತಿದ್ದ. ಕೋಳಿ ಮೊಟ್ಟೆ ಇಟ್ಟಿತಾ, ಆಚೆ ಮನೆಯವರ ಜಗಳ ಮುಗಿಯಿತಾ, ಮಳೆ ಬಂತಾ. ಇಪ್ಪತ್ತು ನಿಮಿಷ. ವಿನೋದಾ ಚಹಾ ಕುದಿಸುತ್ತ ಗೊಣಗುವಳು, “ಅಕ್ಕ ತಮ್ಮನಿಗೆ ಕೋಳಿ ಬಿಟ್ಟು ಬೇರೆ ಮಾತೇ ಇಲ್ಲ.” ಅವನು ನಗುತ್ತಿದ್ದ, ಅಷ್ಟೆ.

ಗಂಡ ಹೋಗಿ ಮೂರನೆಯ ತಿಂಗಳಿನಿಂದ ವಿನೋದಾ ತಾನೇ ಪೆಟ್ಟಿಗೆ ತರಲು ಹೋದಳು. ಲಗೇಜ್ ಡಬ್ಬದವರು ಸರಿದು ಜಾಗ ಕೊಟ್ಟರು. ಮನೆ ಮನೆಯ ಹೂ ನಿಲ್ಲಲಿಲ್ಲ. ದೇವರಿಗೆ ಬೇಕು, ಶುಕ್ರವಾರಕ್ಕೆ ಬೇಕು, ತೆಗೆದುಕೊಂಡರು. ಮದುವೆಯವರು ಮಾತ್ರ ಬರಲಿಲ್ಲ. ಸೀಮಂತದವರು ಬರಲಿಲ್ಲ. ಯಾರೂ ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಕೇಳಿದರೆ, “ಈ ಸಲ ಸಣ್ಣದಾಗಿ ಮಾಡಿದ್ದು,” ಅನ್ನುತ್ತಿದ್ದರು. ಆಮೇಲೆ ಠಾಣೆಯ ಹೂವಿನ ವ್ಯಾಪಾರಿ ಮನೀಶ ಹೂ ಕೊಟ್ಟ ಸುದ್ದಿ ಬರುತ್ತಿತ್ತು. ಮನೀಶ ಒಂದು ದಿನ ಮನೆಗೇ ಬಂದು, “ಮಾಮಿ, ಹೂವಿನ ಲೈನು ನನಗೆ ಕೊಟ್ಟು ನೀವು ಆರಾಮಾಗಿ ಇರಿ,” ಎಂದ. ಮರ್ಯಾದೆಯಿಂದಲೇ ಹೇಳಿದ. ಬರೀ ಮನೆ ಹೂವಿನಲ್ಲಿ ಈ ಕೆಲಸ ನಿಲ್ಲುವುದಿಲ್ಲ ಎಂದು ಅವನಿಗೂ ಗೊತ್ತು, ಅವಳಿಗೂ ಗೊತ್ತು.

ಏಳನೆಯ ತಿಂಗಳಲ್ಲಿ ಕಲ್ಯಾಣದ ರತ್ನಾವತಿ ಫೋನು ಮಾಡಿದಳು. ಅವಳ ಮಗಳು ತೃಪ್ತಿಯ ಮದುವೆ. ಶನಿವಾರ ಸಂಜೆ ಗೋಧೂಳಿ ಮುಹೂರ್ತ, ಕಲ್ಯಾಣದಲ್ಲೇ ಮದುವೆ ಹಾಲ್.

“ಹದಿನೈದು ಅಟ್ಟೆ ಬೇಕು ವಿನೋದಾ. ನನ್ನ ಮದುವೆಗೆ ಹರಿಶ್ಚಂದ್ರಣ್ಣನೇ ತಂದದ್ದು. ಮಗಳಿಗೂ ಅದೇ ಮನೆಯ ಹೂ ಆಗ್ಲಿ ಅಂತ.”

“ಆಯ್ತು ರತ್ನಕ್ಕ.”

“ಪೆಟ್ಟಿಗೆ ತರ್ಲಿಕ್ಕೆ ನೀನು ಓಡಾಡ್ಬೇಡ. ನನ್ನ ತಮ್ಮ ವಸಂತಕುಮಾರ ಶನಿವಾರವೇ ಊರಿಂದ ಬರುದು. ಅವನ ವಿಮಾನ ಈಗ ನವಿ ಮುಂಬಯಿಯ ಹೊಸ ಏರ್‌ಪೋರ್ಟಿಗೆ ಇಳೀತದೆ. ಅವನೇ ತಕ್ಕೊಂಡು ಸೀದಾ ಹಾಲಿಗೆ ಬರ್ತಾನೆ.” ಆಮೇಲೆ ಧ್ವನಿ ತಗ್ಗಿಸಿದಳು. “ಮತ್ತೆ, ಬೇಜಾರು ಮಾಡ್ಬೇಡ ಆಯ್ತಾ. ಒಳಗೆ ಹೂ ಕೊಡುವಾಗ ನಿನ್ನ ಮಗಳು ಪ್ರಣೀತಾ ಬರ್ಲಿ. ನನಗೆ ಎಂತದೂ ಇಲ್ಲ. ಗಂಡಿನ ಕಡೆಯ ಹಿರಿಯರು ಇರ್ತಾರೆ.”

“ಪ್ರಣೀತಾನೇ ಕೊಡ್ತಾಳೆ,” ಎಂದಳು ವಿನೋದಾ.

ಬೇಜಾರು ಆಯಿತು. ಆದರೆ ಏಳು ತಿಂಗಳಲ್ಲಿ ಬಂದ ಮೊದಲ ಮದುವೆ ಅದು. ಇದು ಸರಿಯಾಗಿ ನಡೆದರೆ ಉಳಿದವರೂ ಬರುತ್ತಾರೆ. ಕೆಟ್ಟರೆ ಮನೀಶನಿಗೆ ಲೈನು ಬಿಟ್ಟುಕೊಟ್ಟು ಮನೆಯಲ್ಲಿ ಕೂರುವುದು. ಬೇರೆ ದಾರಿ ಇರಲಿಲ್ಲ.

ಮಗಳು ಪ್ರಣೀತಾ ಐರೋಲಿಯ ಆಫೀಸಿನಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಅವಳಿಗೆ ಕನ್ನಡ, ತುಳು ಎರಡೂ ಅರ್ಥವಾಗುತ್ತದೆ. ಬಾಯಿಗೆ ಬರುವುದು ಮಾತ್ರ ಹಿಂದಿ, ಮರಾಠಿ. ತಾಯಿ ಕೇಳಿದ್ದಕ್ಕೆ ಫೋನಿನಲ್ಲಿ ಹುಡುಕಿದಳು.

“ಮಮ್ಮಿ, ಹೇ ಬಘ್. ಮಂಗಳೂರು ಟು ನವಿ ಮುಂಬೈ. ಸಾತ್‌ಸೌ ಕಿಲೋಮೀಟರ್ ಕೆ ಆಸ್‌ಪಾಸ್. ಡೇಢ್ ಘಂಟಾ.”

“ಏಳುನೂರು ಕಿಲೋಮೀಟರಿಗೆ ಒಂದೂವರೆ ಗಂಟೆಯಾ? ಎಷ್ಟು ಗಂಟೆಗೆ ಇಳೀತದೆ?”

“ಪೌಣೆ ದೋನ್.”

“ಎರಡಕ್ಕೆ ಕಾಲು ಗಂಟೆ ಮೊದಲೇ? ಅಲ್ಲಿಂದ ಕಲ್ಯಾಣಕ್ಕೆ?”

ಪ್ರಣೀತಾ ಅದನ್ನೂ ನೋಡಿದಳು. ದಾರಿ ಕಳಂಬೋಲಿ, ತಳೋಜಾ, ಶಿಳಫಾಟಾ. ಒಂದೂವರೆ ಗಂಟೆ, ಟ್ರಾಫಿಕ್ ಇದ್ದರೆ ಎರಡು. ವಿನೋದಾ ಬೆರಳು ಮಡಚಿ ಎಣಿಸಿದಳು. ಗಂಡ ತರುತ್ತಿದ್ದ ಹೂ ಇವತ್ತು ಬೆಳಿಗ್ಗೆ ಕೊಯ್ದರೆ ನಾಳೆ ಸಂಜೆ ಮದುಮಗಳ ತಲೆಗೆ ಏರುತ್ತಿತ್ತು. ಈಗ ಕೊಯ್ದ ದಿನವೇ ಸಂಜೆ ತಲೆಗೆ. ಇಡೀ ಒಂದು ದಿನ ಉಳಿಯಿತು. ಇಷ್ಟು ತಾಜಾ ಹೂವನ್ನು ಅವನೂ ಮದುವೆಗೆ ಕೊಟ್ಟಿರಲಿಕ್ಕಿಲ್ಲ ಎಂದುಕೊಂಡಳು. ಸತ್ತ ಗಂಡನ ಮುಂದೆ ಒಂದು ಮೆಟ್ಟಿಲು ಹತ್ತಿ ನಿಂತ ಹಾಗೆ ಅನಿಸಿತು. ಅನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಸುಲೋಚನಾಳಿಗೆ ಫೋನು ಮಾಡಿದಳು. “ಅತ್ತಿಗೆ, ಶನಿವಾರ ಬೆಳಿಗ್ಗೆ ಹದಿನೈದು ಅಟ್ಟೆ ಕಟ್ಟಿಡಿ. ವಸಂತಣ್ಣ ಬಂದು ತಕ್ಕೊಂಡು ಹೋಗ್ತಾರೆ. ಮದುವೆಗೆ.”

“ಆಗ್ತದೆ. ಒಳ್ಳೆ ಮೊಗ್ಗೇ ಹಾಕ್ತೇನೆ. ಹರಿಯ ಹೆಸರು ಹಾಳು ಮಾಡ್ಲಿಕ್ಕಿಲ್ಲ,” ಎಂದಳು ಸುಲೋಚನಾ. ಮಾತು ಅಲ್ಲಿಗೇ ಮುಗಿಯಿತು. ಅತ್ತಿಗೆ ನಾದಿನಿಯರ ನಡುವೆ ಉದ್ದದ ಮಾತು ಮೊದಲಿನಿಂದಲೂ ಇರಲಿಲ್ಲ.

ಶನಿವಾರ ವಸಂತಕುಮಾರ ಹಾಲಿಗೆ ಬರುವಾಗ ಮೂರೂ ಮುಕ್ಕಾಲು. ಟ್ಯಾಕ್ಸಿಯಿಂದ ಇಳಿದು ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟ. “ಎಂತ ವಿನೋದಕ್ಕ, ಆಕಾಶದಲ್ಲಿ ಕೂತದ್ದಕ್ಕಿಂತ ಶಿಳಫಾಟಾದಲ್ಲಿ ಕೂತದ್ದೇ ಜಾಸ್ತಿ. ಕಬ್ಬಿಣದ ಲಾರಿಯವರೆಲ್ಲ ಇವತ್ತೇ ಹೊರಟಿದ್ದಾರೆ ಮಾರಾಯ್ತಿ. ಮದುವೆಗೆ ಬರುವವರ ಹಾಗೆ.”

ಹಾಲಿನ ಹಿಂದಿನ ಬಾಗಿಲ ಬಳಿ ವಿನೋದಾ ಪೆಟ್ಟಿಗೆ ಬಿಚ್ಚಿದಳು. ಬಾಳೆಲೆ ಇನ್ನೂ ತಂಪಾಗಿತ್ತು. ಮೊಗ್ಗು ಗಟ್ಟಿಯಾಗಿತ್ತು, ಸಪೂರ ಇತ್ತು, ತುದಿಯಲ್ಲಿ ನಸು ಹಸಿರು. ಪೆಟ್ಟಿಗೆ ಬಿಚ್ಚುವಾಗ ಯಾವಾಗಲೂ ಹೀಗೆಯೇ ಇರುತ್ತಿತ್ತು. ಇದೇ ಒಳ್ಳೆಯ ಹೂವಿನ ಗುರುತು ಎಂದು ಅವಳು ತಿಳಿದದ್ದು. ನೀರು ಚಿಮುಕಿಸಿ ಮಗಳ ಕೈಗೆ ಕೊಟ್ಟಳು. ಪ್ರಣೀತಾ ರೇಷ್ಮೆ ಸೀರೆ ಎತ್ತಿ ಹಿಡಿದು ಮದುಮಗಳ ಕೋಣೆಗೆ ಹೋದಳು.

ಐದು ಗಂಟೆಗೆ ಮದುಮಗಳ ಜಡೆ ಆಯಿತು. ಐದೂವರೆಗೆ ಹೆಂಗಸರೆಲ್ಲ ಮುಡಿದರು. ಆರು ಗಂಟೆಗೆ ತೃಪ್ತಿಯನ್ನು ಮಂಟಪಕ್ಕೆ ಕರೆದುಕೊಂಡು ಬಂದರು. ವಿನೋದಾ ಊಟದ ಹಾಲಿನ ಬಾಗಿಲಲ್ಲಿ, ಕೈತೊಳೆಯುವ ಬೇಸಿನ್ನಿನ ಪಕ್ಕ ನಿಂತಿದ್ದಳು. ಮದುಮಗಳು ಅವಳೆದುರಿಂದಲೇ ಹಾದುಹೋದಳು. ವಿನೋದಾ ಉಸಿರು ಎಳೆದುಕೊಂಡಳು. ಏನೂ ಇಲ್ಲ. ಪೌಡರಿನ ವಾಸನೆ ಬಂತು, ಹೊಸ ಸೀರೆಯ ವಾಸನೆ ಬಂತು. ಮಲ್ಲಿಗೆ ಬರಲಿಲ್ಲ.

ಧಾರೆ ಎರೆಯುವ ಹೊತ್ತಿಗೂ ಅರಳಲಿಲ್ಲ. ತೃಪ್ತಿಯ ತಲೆಯ ಮೇಲೆ ಬಿಳಿಯ ಬೆಳ್ತಿಗೆ ಅಕ್ಕಿ ಕಟ್ಟಿಟ್ಟ ಹಾಗಿತ್ತು. ಹೆಂಗಸರು ತಮ್ಮ ತಮ್ಮ ಜಡೆ ಮುಂದಕ್ಕೆ ತಂದು ಮೂಸಿ ನೋಡಿದರು. ಕೈತೊಳೆಯಲು ಬಂದ ಗಂಡಿನ ಕಡೆಯ ಇಬ್ಬರು ಹೆಂಗಸರು ಮಾತಾಡಿಕೊಂಡರು. ವಿನೋದಾ ಯಾರೆಂದು ಅವರಿಗೆ ಗೊತ್ತಿರಲಿಲ್ಲ.

“ಹೂ ಎಲ್ಲಿಯದ್ದಂತೆ?”

“ಶಂಕರಪುರದ್ದೇ. ಡೊಂಬಿವಲಿಯ ಹೆಂಗಸು ಕೊಟ್ಟದ್ದು. ಗಂಡ ತೀರಿಹೋಗಿ ವರ್ಷ ಆಗ್ಲಿಲ್ಲ.”

“ಹಾಗೆ ಹೇಳಿ. ಕೈ ತಾಗಿದ್ದಲ್ವಾ. ಹೇಗೆ ಅರಳ್ತದೆ?”

ಅವರು ಒದ್ದೆ ಕೈ ಕೊಡವಿ ಹೋದರು. ವಿನೋದಾ ತನ್ನ ಕೈ ನೋಡಿಕೊಂಡಳು. ನಲ್ಲಿಯ ಕೆಳಗೆ ಹಿಡಿದು ತೊಳೆದಳು. ಯಾಕೆ ತೊಳೆದೆ ಎಂದು ತಿಳಿಯಲಿಲ್ಲ. ಊಟ ಮಾಡದೆ ಮಗಳನ್ನು ಕರೆದುಕೊಂಡು ರಿಕ್ಷಾ ಹತ್ತಿದಳು.

ಅವರು ಏನು ಹೇಳಿದರೆಂದು ದಾರಿಯಲ್ಲಿ ಪ್ರಣೀತಾ ಸಿಟ್ಟಿನಿಂದ ಕೇಳಿದಳು. “ಕ್ಯಾ ಬೋಲಾ ಉನ್ಹೋಂನೆ? ಬೋಲ್ ನಾ ಮಮ್ಮಿ.”

“ಎಂತ ಇಲ್ಲ.”

“ಝೂಠ್.”

ವಿನೋದಾ ರಸ್ತೆ ನೋಡುತ್ತಿದ್ದಳು. ಆ ಹೆಂಗಸರ ಮೇಲೆ ಅವಳಿಗೆ ಅಂಥ ಸಿಟ್ಟು ಬಂದಿರಲಿಲ್ಲ. ಅವರು ಹೇಳಿದ್ದು ನಿಜ ಇದ್ದರೆ ಎಂಬ ಹೆದರಿಕೆ ಬಂದಿತ್ತು. ಹೂ ತಾಜಾ. ಹೊತ್ತಿಗೆ ಮೊದಲೇ ಬಂತು. ಬಿಸಿಲು ತಾಗಲಿಲ್ಲ. ಮಂಗಳೂರಿನಿಂದ ಕಲ್ಯಾಣದವರೆಗೆ ಎಲ್ಲರೂ ತಮ್ಮ ಕೆಲಸ ಸರಿಯಾಗಿ ಮಾಡಿದ್ದಾರೆ. ಉಳಿದದ್ದು ತನ್ನ ಕೈ ಒಂದೇ.

ಪೆಟ್ಟಿಗೆಯ ಮೂಲೆಯಲ್ಲಿ ಒಂದು ಚೆಂಡು ಉಳಿದಿತ್ತು. ಎಸೆಯಲು ಮನಸ್ಸಾಗದೆ ಒದ್ದೆ ಬಟ್ಟೆಯಲ್ಲಿ ಸುತ್ತಿ ಅಡುಗೆ ಮನೆಯಲ್ಲಿ ಇಟ್ಟಳು. ಆದಿತ್ಯವಾರ ಇಡೀ ದಿನ ಯಾರ ಫೋನೂ ಎತ್ತಲಿಲ್ಲ. ಸಂಜೆ ಐದೂವರೆಗೆ ಬಟ್ಟೆ ಮಡಚುತ್ತ ಕೂತಿದ್ದಾಗ ಪರಿಮಳ ಬಂತು. ಮೊದಲು ಮೆಲ್ಲಗೆ, ಆಮೇಲೆ ಮನೆ ತುಂಬ. ಎದ್ದು ಹೋಗಿ ಬಟ್ಟೆ ತೆಗೆದಳು. ಒಂದು ಮೊಗ್ಗು ಬಿಡದೆ ಎಲ್ಲ ಅರಳಿತ್ತು.

ಬಟ್ಟೆಯಲ್ಲಿ ಸುತ್ತಿದ್ದೂ ಇದೇ ಕೈ.

ಅಲ್ಲಿಂದಲೇ ಸುಲೋಚನಾಳಿಗೆ ಫೋನು ಮಾಡಿದಳು. “ಅತ್ತಿಗೆ, ನಿನ್ನೆಯ ಹೂ ಇವತ್ತು ಅರಳಿತು.”

“ಮತ್ತೆ? ಇವತ್ತೇ ಅಲ್ವಾ ಅರಳ್ಬೇಕಾದ್ದು?”

“ಮದುವೆ ನಿನ್ನೆ ಸಂಜೆ ಆಯ್ತು.”

ಆ ಕಡೆಯಿಂದ ಕೋಳಿಗಳ ಕೂಗು ಕೇಳಿಸಿತು. “ಅಯ್ಯೋ ವಿನೋದಾ, ನೀನು ಹೇಳ್ಲಿಲ್ಲ ಅಲ್ವಾ. ಶನಿವಾರ ಕೊಯ್ದದ್ದು ಶನಿವಾರವೇ ಮುಡೀತಾರೆ ಅಂತ ನನಗೆ ಹೇಗೆ ಗೊತ್ತು? ಮುಂಬಯಿಗೆ ಅಂದ ಮೇಲೆ ನಾನು ನಾಳೆಯ ಮೊಗ್ಗೇ ಕೊಯ್ಯುದು.”

“ನಾಳೆಯ ಮೊಗ್ಗು ಅಂದ್ರೆ?”

“ಅಂದ್ರೆ ಎಂತ? ಅದೇ, ಎಳತ್ತು. ಬಲಿತದ್ದು ಇವತ್ತು ಸಂಜೆಗೇ ಅರಳ್ತದೆ, ಅದು ಉಡುಪಿಗೆ ಹೋಗ್ತದೆ. ಎಳತ್ತು ನಾಳೆ ಸಂಜೆ ಅರಳ್ತದೆ, ಅದು ಮುಂಬಯಿಗೆ. ಹರಿ ದಿನಾ ಬೆಳಿಗ್ಗೆ ಹೇಳ್ತಿದ್ದ. ಇವತ್ತು ರೈಲಿನ ಮೆಗಾಬ್ಲಾಕ್ ಉಂಟು ಅಕ್ಕ, ಪೆಟ್ಟಿಗೆ ತಡ ಆಗ್ತದೆ, ಇನ್ನೂ ಎಳತ್ತು ಹಾಕು. ಇವತ್ತು ಯಾರೋ ಮಧ್ಯಾಹ್ನದ ವಿಮಾನದಲ್ಲಿ ತರ್ತಾರೆ, ಬಲಿತದ್ದೇ ಹಾಕು. ನಿನಗೆ ಇಷ್ಟೂ ಗೊತ್ತಿಲ್ವಾ? ಮೂವತ್ತು ವರ್ಷ ನಿನ್ನ ಎದುರೇ ಕೂತು ಮಾತಾಡಿದ್ದಲ್ವಾ ಅವ?”

“ನನಗೆ ಕೋಳಿಯದ್ದು ಮಾತ್ರ ಕೇಳಿದ್ದು,” ಎಂದಳು ವಿನೋದಾ.

ಸುಲೋಚನಾ ನಕ್ಕಳು. ನಗು ನಡುವೆ ತುಂಡಾಯಿತು. ಆಮೇಲೆ ಸುಲೋಚನಾ ಮೊದಲ ಸಲ ಕೇಳಿದಳು, “ಊಟ ಮಾಡ್ತಿಯಾ ಸರಿಯಾಗಿ?”

ಫೋನು ಇಟ್ಟ ಮೇಲೆ ವಿನೋದಾ ತುಂಬ ಹೊತ್ತು ಯೋಚಿಸಿದಳು. ಮಗಳ ಫೋನು ಹೇಳಿದ್ದು ಸುಳ್ಳಲ್ಲ. ಏಳುನೂರು ಕಿಲೋಮೀಟರು ನಿಜ, ಒಂದೂವರೆ ಗಂಟೆ ನಿಜ. ಅದು ಒಂದು ನಿಲ್ದಾಣದಿಂದ ಇನ್ನೊಂದು ನಿಲ್ದಾಣದ್ದು. ಅವನು ಅಳೆದದ್ದು ಗಿಡದಿಂದ ತಲೆಗೆ. ನಡುವೆ ಬಜ್ಪೆಯ ಗುಡ್ಡ, ಲಾರಿ, ಲೋಕಲು, ಮಳೆ, ಮುಹೂರ್ತ ಎಲ್ಲ ಇತ್ತು. ಬೇಗ ಬರುವುದೂ ತಡವಾಗಿ ಬರುವುದೂ ಅವನಿಗೆ ಒಂದೇ ಥರದ ತಪ್ಪು. ಎಷ್ಟು ದೂರವೋ ಅಷ್ಟಕ್ಕೆ ತಕ್ಕ ಮೊಗ್ಗನ್ನು ಅವನು ಇಲ್ಲಿ ಗೋಡೆಗೆ ಒರಗಿ ಕೂತುಕೊಂಡೇ ಆರಿಸುತ್ತಿದ್ದ. ಎಲ್ಲೂ ಬರೆದಿಡಲಿಲ್ಲ. ಹೆಂಡತಿಗೆ ಹೇಳಲಿಲ್ಲ. ಅವಳು ಕೇಳಲೂ ಇಲ್ಲ. ಇಪ್ಪತ್ತೆಂಟು ವರ್ಷ ಒಂದೇ ಕೋಣೆಯಲ್ಲಿ ಇದ್ದು ಗಂಡನ ಕೆಲಸ ಏನೆಂದು ಈಗ ಗೊತ್ತಾಯಿತು. ಅಳು ಬಂತು. ಅತ್ತಳು. ಆಮೇಲೆ ಅನ್ನಕ್ಕೆ ಇಟ್ಟಳು.

ಸೋಮವಾರ ಹತ್ತು ಗಂಟೆಗೆ ಕಲ್ಯಾಣಕ್ಕೆ ಹೋದಳು. ರತ್ನಾವತಿಯ ಮನೆಯಲ್ಲಿ ಮದುವೆಯ ಪಾತ್ರೆ, ಖಾಲಿ ಪೆಟ್ಟಿಗೆ, ಮಡಚದ ಸೀರೆ ಎಲ್ಲ ಹಾಗೆಯೇ ಇತ್ತು. ರತ್ನಾವತಿ ಅವಳನ್ನು ನೋಡಿ ಗಡಿಬಿಡಿಯಿಂದ ಕುರ್ಚಿ ಖಾಲಿ ಮಾಡಿದಳು.

“ಹೂವಿನ ವಿಷಯ ಮಾತಾಡ್ಲಿಕ್ಕೆ ಬಂದೆ,” ಎಂದಳು ವಿನೋದಾ.

“ಬಿಡು ವಿನೋದಾ. ಆದದ್ದು ಆಯ್ತು. ಅವರಿವರು ಹೇಳಿದ್ದು ಮನಸ್ಸಿಗೆ ಹಚ್ಕೊಳ್ಬೇಡ. ನಿನ್ನ ಗ್ರಹಚಾರ ಈಗ ಸರಿ ಇಲ್ಲ. ನಿನ್ನ ತಪ್ಪು ಎಂತದೂ ಇಲ್ಲ.”

“ನನ್ನದೇ ತಪ್ಪು.”

“ಛೆ, ಹಾಗೆ ಹೇಳ್ಬೇಡ. ಹಣೆಬರಹಕ್ಕೆ ಯಾರು ಎಂತ ಮಾಡುದು?”

“ಹಣೆಬರಹ ಅಲ್ಲ ರತ್ನಕ್ಕ. ಗ್ರಹಚಾರವೂ ಅಲ್ಲ. ಮರುದಿನ ಅರಳುವ ಮೊಗ್ಗು ಬಂತು. ಅದೇ ದಿನ ಅರಳುವುದು ಬೇಕಿತ್ತು. ಎಷ್ಟು ಗಂಟೆಗೆ ಮುಡೀತಾರೆ ಅಂತ ನಾನು ಅತ್ತಿಗೆಗೆ ಹೇಳ್ಲಿಲ್ಲ. ಹೇಳ್ಬೇಕು ಅಂತ ನನಗೆ ಗೊತ್ತಿರ್ಲಿಲ್ಲ. ಉಳಿದ ಒಂದು ಚೆಂಡು ನಿನ್ನೆ ಸಂಜೆ ನನ್ನ ಮನೆಯಲ್ಲಿ ಅರಳಿತು.”

ರತ್ನಾವತಿ ಅವಳ ಮುಖ ನೋಡಿದಳು. “ನಿನ್ನೆ ಸಂಜೆ ತೃಪ್ತಿಯೂ ಫೋನು ಮಾಡಿದ್ಳು. ಬಿಚ್ಚಿಟ್ಟ ಹೂ ಮೇಜಿನ ಮೇಲೆ ಅರಳಿದೆ, ಕೋಣೆ ತುಂಬ ಪರಿಮಳ ಅಂತ. ನಾನು ನಂಬ್ಲಿಲ್ಲ.”

“ನಂಬಿ. ನನ್ನ ಕೈ ತಾಗಿ ಅರಳದ್ದಾದ್ರೆ ನಾನು ಇವತ್ತೇ ಇದನ್ನು ಬಿಡ್ಬೇಕು. ನಾನು ಹೇಳದ ಕಾರಣ ಅರಳದ್ದಾದ್ರೆ, ಇನ್ನು ಮೇಲೆ ಹೇಳಿದ್ರೆ ಆಯ್ತು. ಅದಕ್ಕೇ ತಪ್ಪು ನನ್ನದು ಅಂತ ಹೇಳುದು. ನೀವು ಅದನ್ನು ನನ್ನಿಂದ ತೆಗೀಬೇಡಿ.”

ರತ್ನಾವತಿ ಒಳಗೆ ಹೋಗಿ ಚಹಾ ಮಾಡಿದಳು. ಮದುವೆಯಲ್ಲಿ ಉಳಿದ ಲಾಡು ತಟ್ಟೆಯಲ್ಲಿಟ್ಟಳು. ಇಬ್ಬರೂ ಕುಡಿದರು.

“ಮಗಳ ಧಾರೆ ಒಂದೇ ಸಲ ಆಗುದು,” ಎಂದಳು ರತ್ನಾವತಿ. ಅವಳ ಧ್ವನಿಯಲ್ಲಿ ಈಗ ಸಿಟ್ಟು ಇತ್ತು. ಕನಿಕರ ಇರಲಿಲ್ಲ. “ಮದುಮಗಳ ತಲೆಯಲ್ಲಿ ಪರಿಮಳ ಇಲ್ಲದ ಮಲ್ಲಿಗೆ. ಫೋಟೋದಲ್ಲಿ ನೋಡು, ಹಸಿರು ಕಾಣ್ತದೆ. ನೀನು ಒಂದು ಮಾತು ಕೇಳ್ಬೇಕಿತ್ತು ವಿನೋದಾ.”

“ಹೌದು. ಕೇಳ್ಬೇಕಿತ್ತು.”

ವಿನೋದಾಳಿಗೆ ಆ ಬೈಗುಳ ಕೇಳಿ ಎದೆ ಹಗುರಾಯಿತು. ಏಳು ತಿಂಗಳಿನಿಂದ ಅವಳನ್ನು ಯಾರೂ ಬೈದಿರಲಿಲ್ಲ.

ರತ್ನಾವತಿ ಲೋಟ ಕೆಳಗಿಟ್ಟಳು. “ಬುಧವಾರ ತೃಪ್ತಿ ಗಂಡನ ಜೊತೆ ಮೊದಲ ಸಲ ಮನೆಗೆ ಬರ್ತಾಳೆ. ಅತ್ತೆಯೂ ಬರ್ತಾರೆ. ಎರಡು ಅಟ್ಟೆ ಸಾಕು.”

“ಎಷ್ಟು ಗಂಟೆಗೆ ಬರ್ತಾರೆ?”

“ಸಂಜೆಗೆ.”

“ಸಂಜೆ ಅಂದ್ರೆ ನಾಲ್ಕಾ, ಏಳಾ? ಬಂದ ಕೂಡಲೇ ಹೂ ಕೊಡುದಾ, ಊಟ ಆದ ಮೇಲೆ ಕೊಡುದಾ?”

“ಅಷ್ಟೆಲ್ಲ ನಾನು ಕೇಳ್ಲಿಲ್ಲ ಮಾರಾಯ್ತಿ.”

“ಕೇಳಿ. ನಾನು ಕೂತಿರ್ತೇನೆ.”

ರತ್ನಾವತಿ ಅವಳನ್ನೊಮ್ಮೆ ನೋಡಿ, ಮಗಳಿಗೆ ಫೋನು ಹಚ್ಚಿದಳು.